ಖಿನ್ನತೆಗೆ ನೆರವು ಎಲ್ಲಿ? ಗಡಿನಾಡ ಕನ್ನಡಿಗರಿಗೊಂದು ಕೈಪಿಡಿ

ಜ್ವರ, ಕೆಮ್ಮು, ಕಾಲುನೋವು ಬಂದರೆ ಗಡಿನಾಡಿನವರಿಗೆ ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಕುಂಬಳೆಯವರು ಮಲಯಾಳದಲ್ಲೋ, ಅಕ್ಕಲಕೋಟೆಯವರು ಮರಾಠಿಯಲ್ಲೋ, ರಾಯದುರ್ಗದವರು ತೆಲುಗಿನಲ್ಲೋ ಡಾಕ್ಟರಿಗೆ ಎರಡು ಮಾತು ಹೇಳಿ ಮಾತ್ರೆ ತಂದುಕೊಳ್ಳುತ್ತಾರೆ. ಮನಸ್ಸಿನ ಕಾಯಿಲೆಯ ವಿಷಯ ಹಾಗಲ್ಲ. ಖಿನ್ನತೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇಲ್ಲಿ ರೋಗಿ ಆಡುವ ಮಾತೇ ತಪಾಸಣೆ, ಕೇಳಿಸಿಕೊಳ್ಳುವುದೇ ಅರ್ಧ ಚಿಕಿತ್ಸೆ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಸಲೀಸಾಗಿ ಆಡುವ ಎರಡನೆಯ ಭಾಷೆ ಒಳಗಿನ ಸಂಕಟ ಹೇಳುವ ಹೊತ್ತಿಗೆ ಕೈಕೊಡುತ್ತದೆ.

ಇದರ ಜೊತೆಗೆ ಗಡಿಯವರಿಗೆ ಇನ್ನೊಂದು ತೊಡಕಿದೆ. ವಾಸ ಒಂದು ರಾಜ್ಯದಲ್ಲಿ, ಹತ್ತಿರದ ದೊಡ್ಡ ಆಸ್ಪತ್ರೆ ಇನ್ನೊಂದು ರಾಜ್ಯದಲ್ಲಿ. ರೇಷನ್ ಕಾರ್ಡು, ಪಿಂಚಣಿ, ಉಚಿತ ಔಷಧಿ ಈ ಕಡೆ, ಕನ್ನಡ ಬಲ್ಲ ಡಾಕ್ಟರು ಆ ಕಡೆ. ಹೀಗಾಗಿ ಅನೇಕರು ಎರಡೂ ಕಡೆ ಅರ್ಧರ್ಧ ಹೋಗಿ ಕೊನೆಗೆ ಎಲ್ಲಿಗೂ ಹೋಗದೆ ಉಳಿಯುತ್ತಾರೆ. ನೆರವು ಎಲ್ಲಿದೆ, ಯಾರನ್ನು ಏನೆಂದು ಕೇಳಬೇಕು, ಊರಿನಲ್ಲಿ ನೆರವಿನ ಗುಂಪು ಇಲ್ಲದಿದ್ದರೆ ಏನು ಮಾಡಬಹುದು ಎಂಬುದನ್ನು ಒಂದೆಡೆ ತಿಳಿಸುವುದು ಈ ಲೇಖನದ ಉದ್ದೇಶ. ಈಗಲೇ ಯಾರೊಡನಾದರೂ ಮಾತಾಡಬೇಕೆನ್ನುವವರು ಮುಂದೆ ಓದುವ ಮೊದಲು 14416ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಬೇಸರವೇ, ಕಾಯಿಲೆಯೇ?

ಬೆಳೆ ಹೋದಾಗ, ಸಾಲ ಏರಿದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ ದುಃಖವಾಗುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸಿಗೆ ಮಂಕು ಕವಿದಿರುವುದು, ಮೊದಲು ಇಷ್ಟವಾಗಿದ್ದ ಕೆಲಸದಲ್ಲಿ ಆಸಕ್ತಿ ಹೋಗುವುದು, ನಿದ್ದೆ ಮತ್ತು ಊಟ ಕೆಡುವುದು, ಸುಸ್ತು, ಯಾವುದರಲ್ಲೂ ಗಮನ ನಿಲ್ಲದಿರುವುದು, ತಾನು ಯಾವುದಕ್ಕೂ ಬೇಡವಾದವನು ಎಂಬ ಭಾವನೆ, ಸಾವಿನ ಯೋಚನೆ, ಇವುಗಳಲ್ಲಿ ಹಲವು ಒಟ್ಟಿಗೇ ಇದ್ದು ದಿನದ ಕೆಲಸ ನಡೆಯದಂತಾದರೆ ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ.

ಹಳ್ಳಿಗಳಲ್ಲಿ ಇದು ಬೇರೆ ವೇಷದಲ್ಲಿ ಬರುವುದೇ ಹೆಚ್ಚು. ತಲೆಭಾರ, ಎದೆಯುರಿ, ಮೈಕೈ ನೋವು, ಹೊಟ್ಟೆ ಸರಿಯಿಲ್ಲ ಎಂದು ಡಾಕ್ಟರಿಂದ ಡಾಕ್ಟರಿಗೆ ಅಲೆದು, ಎಲ್ಲ ವರದಿಗಳೂ ಸರಿಯಿವೆ ಎಂದು ತಿಳಿದ ಮೇಲೂ ನೋವು ಹೋಗದಿದ್ದರೆ ಮನಸ್ಸಿನ ಕಡೆಗೂ ನೋಡಬೇಕು. ಹಾಗೆಯೇ ಥೈರಾಯ್ಡ್ ತೊಂದರೆ, ರಕ್ತಹೀನತೆ ಮುಂತಾದವು ಖಿನ್ನತೆಯಂತೆಯೇ ತೋರುವುದುಂಟು. ಆದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಬಾಣಂತಿಯರಲ್ಲಿ, ಒಂಟಿಯಾಗಿರುವ ವೃದ್ಧರಲ್ಲಿ, ಕುಡಿತದ ಚಟ ಇರುವವರಲ್ಲಿ, ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಮನೆಯವರಲ್ಲಿ ಇದರ ಬಗ್ಗೆ ಹೆಚ್ಚಿನ ಎಚ್ಚರ ಬೇಕು.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಖಿನ್ನತೆ ಇದ್ದವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂದರೆ ಈ ಕಾಯಿಲೆ ನಿಮ್ಮ ಮನೆಗೆ ಮಾತ್ರ ಬಂದದ್ದಲ್ಲ. ಪಕ್ಕದ ಮನೆಯವರು ಹೇಳಿಕೊಂಡಿಲ್ಲ, ಅಷ್ಟೆ.

ನೆರವಿನ ಗುಂಪು ಎಂದರೆ ಏನು?

ಒಂದೇ ಬಗೆಯ ಕಷ್ಟ ಅನುಭವಿಸಿದವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕುಳಿತು ಮಾತಾಡಿಕೊಳ್ಳುವುದೇ ನೆರವಿನ ಗುಂಪು. ಕೆಲವು ಗುಂಪುಗಳು ಕಾಯಿಲೆ ಇದ್ದವರಿಗೆ, ಕೆಲವು ಅವರನ್ನು ನೋಡಿಕೊಳ್ಳುವ ಮನೆಯವರಿಗೆ. ಅಲ್ಲಿ ಯಾರೂ ಔಷಧ ಬರೆಯುವುದಿಲ್ಲ, ಭಾಷಣ ಮಾಡುವುದಿಲ್ಲ. ಮಾತ್ರೆ ತೆಗೆದುಕೊಂಡರೆ ಮೊದಲ ವಾರ ಹೇಗಿರುತ್ತದೆ, ಸಂಬಂಧಿಕರು ಆಡಿಕೊಂಡರೆ ಏನು ಹೇಳಬೇಕು, ಯಾವ ಆಸ್ಪತ್ರೆಯಲ್ಲಿ ಯಾವ ದಿನ ಡಾಕ್ಟರು ಇರುತ್ತಾರೆ ಎಂಬಂತಹ ಅನುಭವದ ಮಾತುಗಳು ಅಲ್ಲಿ ಸಿಗುತ್ತವೆ.

ಡಾಕ್ಟರಲ್ಲದವರ ಮಾತಿನಿಂದ ಏನಾದೀತು ಎಂಬ ಪ್ರಶ್ನೆ ಬರಬಹುದು. ಇದಕ್ಕೆ ನಮ್ಮ ನೆರೆಯ ಗೋವಾದಲ್ಲೇ ಉತ್ತರವಿದೆ. 1996ರಲ್ಲಿ ಆರಂಭವಾದ ‘ಸಂಗಾತ್’ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಸಿತು. ಮನೋವೈದ್ಯದ ಓದು ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಅವರಿಂದ ತೀವ್ರ ಖಿನ್ನತೆ ಇದ್ದವರಿಗೆ 6ರಿಂದ 8 ಭೇಟಿಗಳಲ್ಲಿ ಆಪ್ತಸಮಾಲೋಚನೆ ಮಾಡಿಸಲಾಯಿತು. ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುವುದು ಇದರ ತಿರುಳು. 3 ತಿಂಗಳ ಬಳಿಕ ನೋಡಿದಾಗ ಇಂತಹ ಸಮಾಲೋಚನೆ ಪಡೆದವರಲ್ಲಿ ಶೇ. 64 ಮಂದಿಯ ಖಿನ್ನತೆ ಇಳಿದಿತ್ತು. ಆರೋಗ್ಯ ಕೇಂದ್ರದ ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಅದು ಶೇ. 39. ಈ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ತರಬೇತಿ ಪಡೆದು, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರ ಫಲಿತಾಂಶ ಇದು ಎಂಬುದನ್ನು ಮರೆಯಬಾರದು. ಆದರೂ ಜನರ ಭಾಷೆ ಬಲ್ಲ ಊರಿನವರ ಮಾತಿಗೆ ಬೆಲೆ ಇದೆ ಎಂಬುದು ಇದರಿಂದ ಸ್ಪಷ್ಟ.

ಒಂದು ಮಾತು ನೆನಪಿರಲಿ. ಗುಂಪು ಚಿಕಿತ್ಸೆಯ ಜೊತೆಗೆ ಇರಬೇಕು, ಚಿಕಿತ್ಸೆಯ ಬದಲಿಗೆ ಅಲ್ಲ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಹುಷಾರಾದ ಮೇಲೂ ಕನಿಷ್ಠ 6 ತಿಂಗಳಾದರೂ ಮುಂದುವರಿಸಲು ಡಾಕ್ಟರು ಹೇಳುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಚಟ ಹಿಡಿಸುವ ಅಪಾಯ ಇರುವುದು ಕೆಲವು ಬಗೆಯ ನಿದ್ದೆ ಮಾತ್ರೆಗಳಿಗೆ. ಅವನ್ನು ಚೀಟಿ ಇಲ್ಲದೆ ಅಂಗಡಿಯಿಂದ ತಂದು ನುಂಗಬಾರದು. ಯಾವುದನ್ನೇ ಆದರೂ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಬಳ್ಳಾರಿಯಲ್ಲಿ ಹುಟ್ಟಿದ ಯೋಜನೆ

ಸರಕಾರಿ ನೆರವಿನ ಮೊದಲ ಬಾಗಿಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇದರ ಮೂಲ ಗಡಿನಾಡಿಗೆ ತೀರಾ ಹತ್ತಿರದ್ದು. 1985ರಿಂದ 1990ರವರೆಗೆ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಿ ಔಷಧ ಕೊಡುವ ತರಬೇತಿ ನೀಡಿ, ಅದು ನಡೆಯುವುದೆಂದು ತೋರಿಸಿಕೊಟ್ಟರು. ಈ ‘ಬಳ್ಳಾರಿ ಮಾದರಿ’ಯ ಆಧಾರದ ಮೇಲೆಯೇ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಕಾರ್ಯಕ್ರಮ ಶುರುವಾಗಿ ಮುಂದೆ ಎಲ್ಲೆಡೆ ಹಬ್ಬಿತು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಹೊತ್ತಿಗೆ ಆಂಧ್ರಕ್ಕೆ ಸೇರಿದ್ದರಿಂದ ಈ ಪ್ರಯೋಗ ಅವುಗಳ ಗಡಿಯಲ್ಲೇ ನಿಂತಿತ್ತು.

ಈ ಕಾರ್ಯಕ್ರಮದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಮತ್ತು ನರ್ಸ್ ಇರುವ ತಂಡವಿರುತ್ತದೆ. ತಂಡದವರು ಜಿಲ್ಲಾ ಆಸ್ಪತ್ರೆಯಲ್ಲದೆ ತಾಲೂಕು ಮಟ್ಟದ ಆಸ್ಪತ್ರೆಗಳಿಗೂ ನಿಗದಿತ ದಿನಗಳಲ್ಲಿ ಬರುತ್ತಾರೆ. ಔಷಧ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ತಮಿಳುನಾಡಿನಲ್ಲಾದರೆ ಗ್ರಾಮ ಆರೋಗ್ಯ ನರ್ಸನ್ನು ಮೂರು ಪ್ರಶ್ನೆ ಕೇಳಿ. ಮನಸ್ಸಿನ ಡಾಕ್ಟರು ನಮ್ಮ ತಾಲೂಕಿಗೆ ಯಾವ ದಿನ ಬರುತ್ತಾರೆ? ತಂಡದಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ? ರೋಗಿಗಳ ಅಥವಾ ಮನೆಯವರ ಗುಂಪು ನಡೆಯುತ್ತದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಸಮಾಜ ಕಾರ್ಯಕರ್ತರ ಬಳಿ ಇರುತ್ತದೆ. ಡಾಕ್ಟರನ್ನು ಮಾತ್ರ ಕಂಡು ಬಂದರೆ ಅದು ತಪ್ಪಿಹೋಗುತ್ತದೆ.

ಯಾವ ಭಾಗದವರಿಗೆ ಯಾವ ಬಾಗಿಲು?

ಕಾಸರಗೋಡು: ಈ ಕಡೆ ಕಾಸರಗೋಡಿನ ಜನರಲ್ ಆಸ್ಪತ್ರೆ ಮತ್ತು ಹತ್ತಿರದ ಕುಟುಂಬಾರೋಗ್ಯ ಕೇಂದ್ರ. ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಗುರುತಿಸಲೆಂದೇ ಕೇರಳ ಸರಕಾರ ‘ಆಶ್ವಾಸಂ’ ಎಂಬ ಕ್ಲಿನಿಕ್‌ಗಳನ್ನು ತೆರೆದಿದೆ. ಮಹಿಳೆಯರಿಗೆ ಕುಟುಂಬಶ್ರೀಯ ‘ಸ್ನೇಹಿತ’ ಕೇಂದ್ರದಲ್ಲಿ ಆಪ್ತಸಮಾಲೋಚನೆ ಇದೆ. ಆ ಕಡೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಮತ್ತು ಮಂಗಳೂರು, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳು. ತುಳು, ಕನ್ನಡ ಎರಡರಲ್ಲೂ ಮಾತಾಡಬಹುದೆಂಬುದೇ ಮಂಗಳೂರಿನ ಅನುಕೂಲ.

ವಯನಾಡು ಮತ್ತು ನೀಲಗಿರಿ: ವಯನಾಡಿನವರಿಗೆ ಮಾನಂತವಾಡಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ನೀಲಗಿರಿಯವರಿಗೆ ಉದಕಮಂಡಲದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಕನ್ನಡದಲ್ಲಿ ಬೇಕೆಂದರೆ ಇಬ್ಬರಿಗೂ ಮೈಸೂರು. 2008ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಮೆಂಟಲ್ ಹೆಲ್ತ್ ಆ್ಯಕ್ಷನ್ ಟ್ರಸ್ಟ್ ಉತ್ತರ ಕೇರಳದಲ್ಲಿ ಊರಿನ ಸ್ವಯಂಸೇವಕರ ಮೂಲಕ ಬಡವರಿಗೆ ಉಚಿತ ಚಿಕಿತ್ಸೆ ನಡೆಸುತ್ತದೆ.

ಹೊಸೂರು ಮತ್ತು ತಾಳವಾಡಿ: ಹೊಸೂರಿನವರು ಒಂದು ರೀತಿಯಲ್ಲಿ ಅದೃಷ್ಟವಂತರು. ಬೆಂಗಳೂರಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ, ಅದರ ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ತಮಿಳುನಾಡಿನ ಕಡೆ ಕೃಷ್ಣಗಿರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ತಾಳವಾಡಿಯವರು ತಮ್ಮದೇ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಅದಕ್ಕಿಂತ ಬಹಳ ಹತ್ತಿರ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ: ಸೊಲ್ಲಾಪುರದಲ್ಲಿ ಜನ ‘ಸಿವಿಲ್’ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜತ್ತದವರಿಗೆ ಮಿರಜದ ಸರಕಾರಿ ವೈದ್ಯಕೀಯ ಕಾಲೇಜು. ಆ ಕಡೆ ಅಕ್ಕಲಕೋಟೆಯವರಿಗೆ ಕಲಬುರಗಿ, ಜತ್ತದವರಿಗೆ ವಿಜಯಪುರ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್.

ಆಂಧ್ರ ಮತ್ತು ತೆಲಂಗಾಣ: ಆದೋನಿಯವರಿಗೆ ಕರ್ನೂಲು, ರಾಯದುರ್ಗದವರಿಗೆ ಅನಂತಪುರ ಸರಕಾರಿ ಆಸ್ಪತ್ರೆ. ಆ ಕಡೆ ಇಬ್ಬರಿಗೂ ಬಳ್ಳಾರಿಯ ವೈದ್ಯಕೀಯ ಕಾಲೇಜು. ಮಡಕಶಿರಾದವರಿಗೆ ತುಮಕೂರು, ಬೆಂಗಳೂರು. ನಾರಾಯಣಪೇಟೆ, ಮಕ್ತಲ್ ಕಡೆಯವರಿಗೆ ರಾಯಚೂರಿನ ರಿಮ್ಸ್, ಜಹೀರಾಬಾದಿನವರಿಗೆ ಬೀದರಿನ ಬ್ರಿಮ್ಸ್ ಹತ್ತಿರ. ತೆಲಂಗಾಣದ ದೊಡ್ಡ ಸರಕಾರಿ ಮಾನಸಿಕ ಆಸ್ಪತ್ರೆ ಇರುವುದು ಹೈದರಾಬಾದಿನ ಎರ್ರಗಡ್ಡದಲ್ಲಿ.

ಗೋವಾ: ಬಾಂಬೋಳಿಯಲ್ಲಿ ಸರಕಾರದ ಮನೋವೈದ್ಯಕೀಯ ಸಂಸ್ಥೆ ಇದೆ. ವಾಸ್ಕೋ, ಝುವಾರಿನಗರ ಕಡೆ ದುಡಿಯುವ ಕನ್ನಡಿಗರು ಹಿಂದಿ, ಕೊಂಕಣಿಯಲ್ಲಿ ಸಂಭಾಳಿಸಬಲ್ಲರು. ಕನ್ನಡವೇ ಬೇಕೆಂದರೆ 14416 ಅಥವಾ ಊರಿಗೆ ಹೋದಾಗ ಧಾರವಾಡ.

ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಗಡಿಯಾಚೆಯ ತಾಲೂಕು ಕೇಂದ್ರ ನಿಮಗೆ ಹತ್ತಿರವಾದರೆ, ಅಲ್ಲಿ ಯಾವ ಮಂಗಳವಾರ ಡಾಕ್ಟರು ಬರುತ್ತಾರೆಂದು ಫೋನಿನಲ್ಲಿ ಕೇಳಿಕೊಂಡು ಹೊರಡುವುದು ಲೇಸು.

ಈಗಾಗಲೇ ನಡೆಯುತ್ತಿರುವ ಗುಂಪುಗಳು

ಖಿನ್ನತೆಗೆಂದೇ ಇರುವ ಗುಂಪುಗಳು ಹೆಚ್ಚಾಗಿ ಬೆಂಗಳೂರು, ಚೆನ್ನೈ, ಪುಣೆಗಳಂತಹ ನಗರಗಳಲ್ಲಿವೆ. ಪುಣೆಯ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಶನ್, ಚೆನ್ನೈಯಲ್ಲಿ 1984ರಲ್ಲಿ ಡಾ. ಶಾರದಾ ಮೆನನ್ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಗಳು ತೀವ್ರ ಮನೋರೋಗ ಇರುವವರ ಮನೆಯವರ ಜೊತೆ ಬಹುಕಾಲದಿಂದ ಕೆಲಸ ಮಾಡುತ್ತಿವೆ. ಹಳ್ಳಿಯವರು ಹುಡುಕಬೇಕಾದದ್ದು ಬೇರೆ ಹೆಸರಿನಲ್ಲಿರುವ ಗುಂಪುಗಳನ್ನು.

ಮೊದಲನೆಯದು ಕುಡಿತ ಬಿಟ್ಟವರ ಗುಂಪುಗಳು. ಕುಡಿತ ಮತ್ತು ಖಿನ್ನತೆ ಅನೇಕ ಮನೆಗಳಲ್ಲಿ ಜೋಡಿಯಾಗಿಯೇ ಇರುತ್ತವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಸೇರಿ ಪರಸ್ಪರ ಬೆನ್ನಿಗೆ ನಿಲ್ಲುತ್ತಾರೆ. ಗ್ರಾಮಾಭಿವೃದ್ಧಿ ಯೋಜನೆಯ ಕೆಲಸ ಕಾಸರಗೋಡು ಜಿಲ್ಲೆಯಲ್ಲೂ ಇದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಎಲ್ಲ ರಾಜ್ಯಗಳ ಪಟ್ಟಣಗಳಲ್ಲಿ ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ. ಕುಡುಕರ ಹೆಂಡತಿ, ಮಕ್ಕಳಿಗೆ ‘ಅಲ್-ಅನಾನ್’ ಎಂಬ ಬೇರೆ ಸಭೆ ಇದೆ.

ಎರಡನೆಯದು ಆರೈಕೆ ಮಾಡುವವರ ಗುಂಪುಗಳು. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ನಿಷೇಧಿಸಿತು. ಆದರೆ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಆಡಿಸುವ ತಾಯಂದಿರ ದುಡಿಮೆ ನಿಂತಿಲ್ಲ. ಮಗುವಿನ ಫೈಲು ದಪ್ಪವಾಗುತ್ತದೆ, ತಾಯಿಯ ನಿದ್ದೆ, ದುಗುಡದ ಬಗ್ಗೆ ಯಾರೂ ಕೇಳುವುದಿಲ್ಲ. ಪಂಚಾಯತಿನ ಬಡ್ಸ್ ಶಾಲೆಗೆ ಮಕ್ಕಳನ್ನು ಕರೆತರುವ ಪೋಷಕರ ಸಭೆ, ಪಾಲಿಯೇಟಿವ್ ತಂಡದ ಮನೆಭೇಟಿ ಇವೆರಡೂ ಅಂತಹವರಿಗೆ ಮಾತಾಡುವ ಜಾಗಗಳು. ತಂಡದ ನರ್ಸ್ ಬಂದಾಗ ತಮ್ಮ ಬಗ್ಗೆಯೂ ಹೇಳಿಕೊಳ್ಳಲು ತಾಯಂದಿರು ಹಿಂಜರಿಯಬಾರದು.

ಮೂರನೆಯದು ಕನ್ನಡನಾಡಿನೊಳಗಿನ ಒಂದು ಮಾದರಿ. ದೀಪಿಕಾ ಪಡುಕೋಣೆ 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಫೌಂಡೇಶನ್ 2016ರಿಂದ ಅಂಗವಿಕಲರ ಸಂಸ್ಥೆಯಾದ ಎಪಿಡಿ ಜೊತೆಗೂಡಿ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮನೋರೋಗಿಗಳಿಗೆ ಚಿಕಿತ್ಸೆ ಕೊಡಿಸಿ, ಅವರ ಮನೆಯವರನ್ನು ಗುಂಪುಗೂಡಿಸುವ ಕೆಲಸ ಆರಂಭಿಸಿತು. ಹೊಸ ಗುಂಪು ಕಟ್ಟುವವರಿಗೆ ಇದು ದಾರಿ ತೋರಬಲ್ಲದು.

ಎರಡು ರಾಜ್ಯಗಳ ನಡುವೆ

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕವು ತಲಪಾಡಿ ಗಡಿಯನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಗಡಿಯವರಿಗೆ ಅದು ಪಾಠ. ಡಾಕ್ಟರು ಆ ಕಡೆ ಇರಲಿ, ಆದರೆ ಈ ಕಡೆಯ ಸರಕಾರಿ ಕ್ಲಿನಿಕ್‌ನಲ್ಲೂ ಹೆಸರು ನೋಂದಾಯಿಸಿ ಒಂದು ಚೀಟಿ ಮಾಡಿಸಿಟ್ಟಿರಬೇಕು.

ಇದಕ್ಕೆ ಒಂದು ಫೈಲು ಸಾಕು. ಅದರಲ್ಲಿ ಡಾಕ್ಟರ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಇಡಿ. ಔಷಧದ ಕಂಪೆನಿ ಹೆಸರಿನ ಬದಲು ಮೂಲ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಆಗ ಯಾವ ರಾಜ್ಯದ ಸರಕಾರಿ ಆಸ್ಪತ್ರೆಯಲ್ಲೂ, ಜನೌಷಧಿ ಕೇಂದ್ರದಲ್ಲೂ ಅದೇ ಮಾತ್ರೆ ಕೇಳಬಹುದು.

ಕಾಯಿಲೆ ತೀವ್ರವಾಗಿ, ದೀರ್ಘಕಾಲ ಉಳಿದು ದುಡಿಯಲಾಗದಂತಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರ ಪಡೆಯಬಹುದು. ಪಿಂಚಣಿ ಸಿಗುವುದು ವಾಸವಿರುವ ರಾಜ್ಯದಿಂದ. ಆದ್ದರಿಂದ ಪ್ರಮಾಣಪತ್ರವನ್ನು ನಿಮ್ಮದೇ ಜಿಲ್ಲೆಯ ವೈದ್ಯಕೀಯ ಮಂಡಳಿಯಿಂದ ಮಾಡಿಸಿ. ಆಯುಷ್ಮಾನ್ ಭಾರತ್ ಕಾರ್ಡು ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ಉಪಯೋಗ. ಹೊರರೋಗಿಯಾಗಿ ತೋರಿಸಿಕೊಳ್ಳುವ ಖರ್ಚಿಗೆ ಅದು ಬರುವುದಿಲ್ಲ.

ಭಾಷೆಯೂ ಒಂದು ಹಕ್ಕು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 22ನೇ ಸೆಕ್ಷನ್ ಪ್ರಕಾರ ಕಾಯಿಲೆ ಏನು, ಚಿಕಿತ್ಸೆ ಏನು ಎಂಬ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗಲೂ ಅಷ್ಟೇ. ತಮ್ಮ ಭಾಷೆಯ ಹಕ್ಕಿಗಾಗಿ ಶಾಲೆ, ಪಡಿತರ ಚೀಟಿ, ನಾಮಫಲಕಗಳ ವಿಷಯದಲ್ಲಿ ಹೋರಾಡುವ ಗಡಿನಾಡಿನ ಸಂಘಗಳು ಆಸ್ಪತ್ರೆಯ ಕೋಣೆಯಲ್ಲಿರುವ ಈ ಹಕ್ಕನ್ನೂ ಗಮನಕ್ಕೆ ತಂದುಕೊಳ್ಳಬೇಕು. ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ವಾರಕ್ಕೆ ಒಂದು ದಿನವಾದರೂ ಕೊಡಿ ಎಂದು ಜಿಲ್ಲಾ ವೈದ್ಯಾಧಿಕಾರಿಗೆ ಸಲ್ಲಿಸುವ ಮನವಿಗೆ ಈ ಸೆಕ್ಷನ್ ಬಲ ಕೊಡುತ್ತದೆ.

ಅದೇ ಕಾಯಿದೆಯ 18ನೇ ಸೆಕ್ಷನ್ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ ಸರಕಾರಿ ಮಾನಸಿಕ ಚಿಕಿತ್ಸೆ ಉಚಿತ. 23ನೇ ಸೆಕ್ಷನ್ ಪ್ರಕಾರ ಕಾಯಿಲೆಯ ವಿಷಯ ಗುಟ್ಟಾಗಿರಬೇಕು. 95ನೇ ಸೆಕ್ಷನ್ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಕಾರಣ ಓಡಲಾಗದೆ 28 ಮಂದಿ ಸತ್ತದ್ದನ್ನು ದೇಶ ಕಂಡಿದೆ. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಹರಕೆ ಹೊತ್ತರೆ ಮನಸ್ಸಿಗೆ ಸಮಾಧಾನವಾಗಬಹುದು, ಅದನ್ನು ಬೇಡವೆನ್ನಬೇಕಿಲ್ಲ. ಆದರೆ ಕಟ್ಟಿಹಾಕುವವರ, ಹೊಡೆದು ‘ಗಾಳಿ ಬಿಡಿಸುವವರ’, ಮಾತ್ರೆ ನಿಲ್ಲಿಸಿ ಎನ್ನುವವರ ಬಳಿ ರೋಗಿಯನ್ನು ಬಿಡಬಾರದು.

ಗುಂಪು ಇಲ್ಲದ ಊರಿನಲ್ಲಿ

ಹೆಚ್ಚಿನ ಗಡಿ ಹಳ್ಳಿಗಳಲ್ಲಿ ಹುಡುಕಿದರೂ ಗುಂಪು ಸಿಗದಿರಬಹುದು. ಆದರೆ ಗುಂಪಾಗಿ ಕೂರುವ ಅಭ್ಯಾಸ ನಮ್ಮ ಹೆಂಗಸರಿಗೆ ಹೊಸದಲ್ಲ. ಕೇರಳದಲ್ಲಿ 1998ರಿಂದ ಕುಟುಂಬಶ್ರೀಯ ಅಯಲ್ಕೂಟಗಳಿವೆ. ಮಹಾರಾಷ್ಟ್ರದಲ್ಲಿ ಬಚತ್ ಗಟ, ಆಂಧ್ರದಲ್ಲಿ ಡ್ವಾಕ್ರಾ ಸಂಘ, ತಮಿಳುನಾಡಿನಲ್ಲಿ ಮಗಳಿರ್ ಕುಳು. ಹೆಸರು ಬೇರೆ, ಕೂರುವ ಚಾಪೆ ಒಂದೇ. ಗಂಡಸರಿಗೆ ಹಾಲಿನ ಸೊಸೈಟಿ, ಯುವಕ ಸಂಘ, ಭಜನಾ ಮಂಡಳಿ, ವಾಚನಾಲಯಗಳಿವೆ. ಇವುಗಳೊಳಗಿಂದಲೇ ಕಷ್ಟ ಬಲ್ಲ ನಾಲ್ಕೈದು ಮಂದಿ ಸೇರಿದರೆ ಗುಂಪು ಶುರುವಾಗುತ್ತದೆ. ಆರಂಭಿಸುವವರಿಗೆ ಕೆಲವು ಸೂಚನೆಗಳು:

1. ಸಾಲದ ಕಂತು ಕಟ್ಟುವ ಸಭೆಯಲ್ಲೇ ಇದನ್ನು ಮಾಡಬೇಡಿ. ಬೇರೆ ದಿನ, ಬೇರೆ ಹೊತ್ತು ಇಟ್ಟುಕೊಳ್ಳಿ. ಸಾಲಗಾರರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

2. 5ರಿಂದ 12 ಮಂದಿ ಸಾಕು. ಹೆಚ್ಚಾದರೆ ಎರಡು ಗುಂಪು ಮಾಡಿ. ಹದಿನೈದು ದಿನಕ್ಕೊಮ್ಮೆ, ಒಂದೂವರೆ ಗಂಟೆ ಮೀರದಂತೆ ನಡೆಸಿ.

3. ಜಾಗ ಶಾಲೆಯೋ ಅಂಗನವಾಡಿಯೋ ಆಗಿರಲಿ. ಒಬ್ಬರ ಮನೆಯಾದರೆ ಜಾತಿ, ಪಕ್ಷ, ದಾಯಾದಿ ಜಗಳದ ಕಾರಣಕ್ಕೆ ಕೆಲವರು ಬರುವುದಿಲ್ಲ. ‘ಹುಚ್ಚರ ಸಭೆ’ ಎಂಬ ಮಾತು ಹುಟ್ಟದಂತೆ ಆರೋಗ್ಯ ಸಭೆ ಎಂದೇ ಕರೆಯಿರಿ.

4. ಇಲ್ಲಿ ಕೇಳಿದ್ದು ಇಲ್ಲಿಯೇ ಇರಬೇಕು. ಪ್ರತಿ ಸಭೆಯ ಆರಂಭದಲ್ಲಿ ಈ ಮಾತನ್ನು ಹೇಳಿಯೇ ಮುಂದುವರಿಯಿರಿ. ಸಣ್ಣ ಊರಿನಲ್ಲಿ ಗುಂಪು ಉಳಿಯುವುದೂ ಮುರಿಯುವುದೂ ಇದರ ಮೇಲೆ.

5. ಬಂದವರು ತಮಗೆ ಬಂದ ಭಾಷೆಯಲ್ಲಿ ಮಾತಾಡಲಿ. ಕನ್ನಡ, ತುಳು, ಮರಾಠಿ, ತೆಲುಗು ಕಲೆಸಿಹೋದರೂ ಅಡ್ಡಿಯಿಲ್ಲ.

6. ‘ಧೈರ್ಯವಾಗಿರು’, ‘ನಿನಗೇನು ಕಡಿಮೆ’ ಎಂಬ ಬುದ್ಧಿಮಾತು ಬೇಡ. ಕೇಳಿಸಿಕೊಳ್ಳಿ, ನಿಮಗೆ ಏನು ಸಹಾಯವಾಯಿತೆಂದು ಹೇಳಿ. ಮಾತ್ರೆ ಬದಲಿಸಲು, ನಿಲ್ಲಿಸಲು ಯಾರೂ ಸಲಹೆ ಕೊಡಬಾರದು.

7. ಮೊದಲ ದಿನವೇ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರಿಗೆ ಗುಂಪಿನ ವಿಷಯ ತಿಳಿಸಿ, ಮೂರು ತಿಂಗಳಿಗೊಮ್ಮೆ ಬರುವಂತೆ ಕೇಳಿಕೊಳ್ಳಿ. ಪರಿಸ್ಥಿತಿ ಕೈಮೀರಿದರೆ ಯಾರಿಗೆ ಫೋನ್ ಮಾಡಬೇಕೆಂದು ಗೋಡೆಯಲ್ಲಿ ಬರೆದಿಡಿ.

ಹಣ ಕೇಳುವ, ಔಷಧಿ ಪುಡಿ ಮಾರುವ, ಮತ ಅಥವಾ ಮತಾಂತರದ ಮಾತೆತ್ತುವ, ಸದಸ್ಯರ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ ಗುಂಪಾದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಜೀವದ ಮಾತು

ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಿಂದ ಹೊರಗೆ ಬೀಗ ಹಾಕಿಡಿ, ಕೀಲಿ ಬೇರೆಯವರ ಬಳಿ ಇರಲಿ. ಮಾತ್ರೆಗಳನ್ನೂ ಮನೆಯವರೇ ಇಟ್ಟುಕೊಂಡು ಒಂದೊಂದು ಹೊತ್ತಿನದ್ದು ಮಾತ್ರ ಕೊಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ಕೆಲವರು ಆಸ್ಪತ್ರೆಗೆ ತಡವಾಗಿ ಹೋಗುವುದುಂಟು. ಈ ಹೆದರಿಕೆ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು 2017ರ ಕಾಯಿದೆಯ 115ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ ಇಲ್ಲ.

ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆಗಳು

ಟೆಲಿ ಮಾನಸ್: 14416 ಅಥವಾ 1800-891-4416. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆ ದಿನದ 24 ಗಂಟೆಯೂ ಉಚಿತ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಲಭ್ಯ. ಯಾವ ರಾಜ್ಯದ ಸಿಮ್ ಇದ್ದರೂ ಆರಂಭದಲ್ಲಿ ಭಾಷೆ ಆರಿಸುವಾಗ ಕನ್ನಡ ಆರಿಸಿಕೊಳ್ಳಿ.

ಕೇರಳದ ‘ದಿಶಾ’: 1056.

ಚೆನ್ನೈಯ ‘ಸ್ನೇಹಾ’: 044-24640050. 1986ರಿಂದ ನಡೆಯುತ್ತಿರುವ ಆತ್ಮಹತ್ಯೆ ತಡೆ ಸಂಸ್ಥೆ.

ಮದ್ಯ, ಮಾದಕ ವ್ಯಸನ: 14446. ಹಿರಿಯ ನಾಗರಿಕರಿಗೆ: 14567. ಮಕ್ಕಳಿಗೆ: 1098. ಉಚಿತ ಕಾನೂನು ನೆರವು: 15100.

ತುರ್ತು ಸಹಾಯ: 112. ಆಂಬುಲೆನ್ಸ್: 108.

ಈ ಪುಟವನ್ನು ಮುದ್ರಿಸಿ ಊರಿನ ಹಾಲಿನ ಸೊಸೈಟಿ, ಅಂಗನವಾಡಿ, ಶಾಲೆಯ ಗೋಡೆಗೆ ಅಂಟಿಸಬಹುದು. ಕೆಳಗೆ ನಿಮ್ಮ ತಾಲೂಕಿಗೆ ಮನಸ್ಸಿನ ಡಾಕ್ಟರು ಬರುವ ದಿನ, ಸಮಯವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಪೆನ್ನಿನಲ್ಲಿ ಬರೆದುಬಿಡಿ. ನೋಡಿಕೊಂಡು ಹೋಗುವವರು ತಾವಾಗಿ ಯಾರನ್ನೂ ಕೇಳಬೇಕಾಗುವುದಿಲ್ಲ.